ರಸಮಟ್ಟನ ಎಡಗಣ್ಣು

ಜಗತ್ತಿನಲ್ಲಿ ಕಣ್ಣುಜ್ಜಿಕೊಳ್ಳುವವರು ಕೋಟಿಗಟ್ಟಲೆ ಇದ್ದಾರೆ. ಅವರೆಲ್ಲ ಹವ್ಯಾಸಿಗಳು. ಕಣ್ಣುಜ್ಜುವುದನ್ನು ಒಂದು ವಿದ್ಯೆಯ ಮಟ್ಟಕ್ಕೆ ಏರಿಸಿದವನು ಆ ಟೈಲ್ಸ್ ಕೆಲಸದವನೊಬ್ಬನೇ. ಅವನು ಕಣ್ಣುಜ್ಜಲು ನಿಂತನೆಂದರೆ ಸಿಮೆಂಟು ಕಲಸುವವನು ಸಲಿಕೆ ಊರಿ ನಿಲ್ಲುತ್ತಿದ್ದ, ಬಡಗಿ ಗರಗಸ ಕೆಳಗಿಡುತ್ತಿದ್ದ. ಮೊದಲು ಎರಡೂ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಳ್ಳುವುದು, ಇದು ಶುದ್ಧಿ. ಆಮೇಲೆ ಮುಷ್ಟಿ ಕಟ್ಟಿ, ಬೆರಳಿನ ಗೆಣ್ಣುಗಳನ್ನು ಕಣ್ಣಿನ ಗುಳಿಯಲ್ಲಿ ಕೂರಿಸುವುದು, ಇದು ಸ್ಥಾಪನೆ. ಅಲ್ಲಿಂದ ಮುಂದೆ ಮಥನ. ದೇವತೆಗಳೂ ರಾಕ್ಷಸರೂ ಸೇರಿ ಸಮುದ್ರ ಕಡೆದಾಗಲೂ ನಡುವೆ ಒಮ್ಮೆ ಉಸಿರು ತೆಗೆದುಕೊಳ್ಳಲು ನಿಂತಿರಬೇಕು. ಇವನು ನಿಲ್ಲುತ್ತಿರಲಿಲ್ಲ. ಹತ್ತಿರವಿದ್ದವರಿಗೆ ಒದ್ದೆ ಚಪ್ಪಲಿಯಲ್ಲಿ ಯಾರೋ ನಡೆದು ಹೋದಂಥ ಕಿಚಕ್ ಕಿಚಕ್ ಸದ್ದು ಕೇಳಿಸುತ್ತಿತ್ತು. ಎಲ್ಲ ಮುಗಿದು ಕೈ ಕೆಳಗಿಳಿದಾಗ ಅವನ ಕೆಂಡದಂಥ ಕಣ್ಣುಗಳಲ್ಲಿ ಮೂಡುತ್ತಿದ್ದ ತೃಪ್ತಿ, ಮಗಳ ಮದುವೆ ಮುಗಿಸಿ ಕುರ್ಚಿಗೆ ಒರಗಿದ ಅಪ್ಪಂದಿರ ಮುಖದಲ್ಲೂ ಕಾಣಸಿಗದು.

‘‘ಏನಪ್ಪ, ಅಮೃತ ಬಂತಾ, ಇಲ್ಲ ಬರೀ ವಿಷಾನಾ?’’ ಎಂದು ಪೇಂಟರ್ ಕೇಳುತ್ತಿದ್ದ.

‘‘ಧೂಳು’’ ಎನ್ನುತ್ತಿದ್ದ ಅವನು. ಅಷ್ಟೇ. ಒಂದು ಪದದಲ್ಲಿ ಆಗುವ ಕೆಲಸಕ್ಕೆ ಎರಡು ಪದ ಸುರಿಯುವ ಪೈಕಿ ಅವನಲ್ಲ.

ಅವನನ್ನು ಎಲ್ಲರೂ ಕರೆಯುತ್ತಿದ್ದುದು ರಸಮಟ್ಟ ಎಂದು. ರಸಮಟ್ಟವೆಂದರೆ ನೆಲ ಗೋಡೆಗಳು ಸಮವಾಗಿವೆಯೇ ಎಂದು ನೋಡಲು ಗಾರೆಯವರು ಇಟ್ಟುಕೊಳ್ಳುವ, ಒಳಗೆ ಗಾಳಿಗುಳ್ಳೆ ಓಡಾಡುವ ಪಟ್ಟಿ. ಅವನು ಅದನ್ನು ಮುಟ್ಟುತ್ತಿರಲಿಲ್ಲವಾದ್ದರಿಂದಲೇ ಆ ಹೆಸರು ಬಂದದ್ದು. ದಾರ ಕಟ್ಟುವುದು, ಗುರುತು ಹಾಕುವುದು, ಇವೆಲ್ಲ ಕಣ್ಣಿಲ್ಲದವರ ಕಸರತ್ತು ಎಂಬುದು ಅವನ ಮತ. ಒಂದು ಸಾಲು ಕೂರಿಸಿದ ಮೇಲೆ ಬಲಗೆನ್ನೆಯನ್ನು ನೆಲಕ್ಕೆ ಒತ್ತಿ ಮಲಗಿ, ಎಡಗಣ್ಣು ಬಿಗಿಯಾಗಿ ಮುಚ್ಚಿ, ಬಲಗಣ್ಣಿನ ನೋಟವನ್ನು ಟೈಲ್ಸುಗಳ ನಡುವಿನ ಸಂದಿನ ಉದ್ದಕ್ಕೂ ಬಾಗಿಲವರೆಗೆ ಓಡಿಸುತ್ತಿದ್ದ. ಹಕ್ಕಿಯ ಕಣ್ಣಲ್ಲದೆ ಬೇರೇನೂ ಕಾಣದ ಅರ್ಜುನ ಕೂಡ ನಿಂತು ಗುರಿಯಿಟ್ಟವನು; ಮಲಗಿ ಗುರಿಯಿಟ್ಟವನು ಇವನೊಬ್ಬ. ಆಮೇಲೆ ರಬ್ಬರ್ ಸುತ್ತಿಗೆಯಿಂದ ಎಲ್ಲೋ ಒಂದು ಕಡೆ ಟಕ್ ಎನ್ನಿಸಿದರೆ ಮುಗಿಯಿತು, ಆ ಸಾಲನ್ನು ಅಲುಗಾಡಿಸುವವರಿಲ್ಲ.

ಸಹಾಯಕ್ಕೆ ಜೊತೆಗಾರನನ್ನು ಅವನು ಇಟ್ಟುಕೊಂಡವನಲ್ಲ. ಅವನು ಹೊಗುವ ಮನೆಗಳಿಗೆ ಇನ್ನೂ ಬಾಗಿಲಿರುತ್ತಿರಲಿಲ್ಲ, ಕಿಟಕಿಗೆ ಗಾಜಿರುತ್ತಿರಲಿಲ್ಲ, ಕೆಮ್ಮಿದರೆ ಇನ್ನೊಂದು ಕೋಣೆಯಲ್ಲಿ ಇನ್ನೊಬ್ಬ ಕೆಮ್ಮಿದಂತಾಗುತ್ತಿತ್ತು. ಮನೆಯವರು ಮಂಚ ಕಪಾಟುಗಳನ್ನು ತಂದಿಳಿಸುವ ಹೊತ್ತಿಗೆ ಇವನು ಮುಂದಿನ ಖಾಲಿ ಮನೆಯಲ್ಲಿ ಕೆನ್ನೆ ಊರಿ ಮಲಗಿರುತ್ತಿದ್ದ. ಜನ ತುಂಬಿದ ಮನೆಯಲ್ಲಿ ಹೇಗೆ ಸದ್ದಾಗುತ್ತದೆ ಎಂಬುದು ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ ಎಂದರೂ ನಡೆದೀತು.

ಒಂದು ಕಾಲದಲ್ಲಿ ಅವನಿಗೆ ಸೋಡಾ ಬಾಟಲಿಯ ತಳದಂಥ ಕನ್ನಡಕವಿತ್ತು. ಬಗ್ಗಿದಾಗಲೆಲ್ಲ ಅದು ಮೂಗಿನಿಂದ ಜಾರಿ ಸಿಮೆಂಟಿಗೆ ಬೀಳುತ್ತಿತ್ತು. ಒಂದು ಸಲ ಬಿದ್ದದ್ದು ಕೈಗೆ ಸಿಗಲೇ ಇಲ್ಲ. ಕನ್ನಡಕ ಹುಡುಕಲು ಕನ್ನಡಕ ಬೇಕಲ್ಲ. ಹೋಗಲಿ ಎಂದು ಕೈಯಂದಾಜಿನಲ್ಲಿ ಮುಂದಿನ ಟೈಲ್ಸ್ ಇಟ್ಟ. ಯಾಕೋ ಉಬ್ಬು. ಸುತ್ತಿಗೆಯಿಂದ ಒಂದು ಕೊಟ್ಟ. ಒಳಗೆ ಕರಕ್ ಎಂದಿತು, ಟೈಲ್ಸ್ ಸಮವಾಗಿ ಕೂತಿತು. ಇವತ್ತಿಗೂ ಆ ಬಚ್ಚಲ ನೆಲದಡಿಯಲ್ಲಿ ಅವನ ಕನ್ನಡಕ ಯಾರದೋ ಪಾದಗಳನ್ನು ನೋಡುತ್ತ ಮಲಗಿದೆ.

ಈ ಸುದ್ದಿ ಅಕ್ಕನಿಗೆ ಮುಟ್ಟಿತು. ಅವನಿಗೆ ತನ್ನವರೆಂದು ಇದ್ದವಳು ಅಕ್ಕ ಒಬ್ಬಳೇ, ಅರ್ಧ ದಿನದ ಬಸ್ ಹಾದಿಯ ಊರಿನಲ್ಲಿ ಸಂಸಾರ ಕಟ್ಟಿಕೊಂಡಿದ್ದಳು. ಇಬ್ಬರು ಮಕ್ಕಳಿಗೆ ಹಂಚಬೇಕಿದ್ದ ಮಾತನ್ನೆಲ್ಲ ಅಮ್ಮ ಮೊದಲು ಹುಟ್ಟಿದವಳಿಗೇ ಕೊಟ್ಟು ಕೈತೊಳೆದುಕೊಂಡಿದ್ದಳು.

‘‘ಹುಡುಗಿ ಕಡೆಯೋರು ಬಂದ್ರೆ ನಿನ್ನನ್ನ ನೋಡ್ತಾರೋ ಕನ್ನಡಕಾನ ನೋಡ್ತಾರೋ? ಲೇಸರ್ ಅಂತ ಬಂದಿದೆ, ಐದು ನಿಮಿಷ. ಬಾ, ನಾನೇ ಕರ್ಕೊಂಡು ಹೋಗ್ತೀನಿ’’ ಎಂದಳು. ಕರೆದುಕೊಂಡು ಹೋಗಿ ಮಾಡಿಸಿಯೂ ಬಿಟ್ಟಳು. ಅಲ್ಲಿಯ ವೈದ್ಯರು ಇನ್ನು ಕಣ್ಣುಜ್ಜಬೇಡ ಎಂದಿದ್ದರು. ಅವನು ಒಂದು ವಾರ ಮಾತು ಉಳಿಸಿಕೊಂಡ. ಜೀವಮಾನವಿಡೀ ಎಂದು ಅವರು ಬಿಡಿಸಿ ಹೇಳಲಿಲ್ಲ, ಇವನು ಕೇಳಲಿಲ್ಲ.

ಹುಡುಗಿಯ ಕಡೆಯವರೇನೋ ಮಾತುಕತೆಗೆ ಕರೆದರು. ಕನ್ನಡಕ ಅಡ್ಡವಿಲ್ಲದ್ದರಿಂದ ಅವರಿಗೆ ಅವನ ಮುಖ ಪೂರ್ತಿ ಕಾಣಿಸಿತು, ಅದೇ ತೊಂದರೆಯಾಯಿತು. ಅದನ್ನೂ ಸಹಿಸಿಕೊಂಡ ಒಂದು ಮನೆಯಲ್ಲಿ ಹುಡುಗಿ ತಾನಾಗಿ ಬಂದು, ‘‘ನಮ್ಮನೆ ಹೇಗಿದೆ?’’ ಎಂದು ಕೇಳಿದಳು. ಇವನು ಕಾಲಿನಿಂದ ನೆಲ ತಟ್ಟಿ ನೋಡಿ, ‘‘ಮೂಲೇಲಿ ಟೊಳ್ಳಿದೆ’’ ಎಂದ. ಅಲ್ಲಿಗೆ ಆ ಅಧ್ಯಾಯ ಮುಗಿಯಿತು. ಅಕ್ಕ ಹುಡುಗಿ ಹುಡುಕುವುದು ಬಿಟ್ಟು ಭಾನುವಾರಕ್ಕೊಂದು ಫೋನಿಗೆ ಇಳಿದಳು. ಅವನು ತನ್ನ ಕೋಣೆಗೂ ಖಾಲಿ ಮನೆಗಳಿಗೂ ನಡೆದಾಡಿಕೊಂಡು ವರ್ಷಗಳನ್ನು ಸವೆಸಿದ. ಧೂಳು ಇದ್ದೇ ಇತ್ತು. ಉಜ್ಜುವುದೂ ಇದ್ದೇ ಇತ್ತು. ಸಂಜೆ ಕೈಕಾಲು ತೊಳೆದು ಮಂಚದ ಮೇಲೆ ಕೂತು ಎರಡೂ ಕಣ್ಣುಗಳನ್ನು ನಿಧಾನವಾಗಿ, ಸಮಾಧಾನವಾಗಿ ಉಜ್ಜಿಕೊಳ್ಳುವುದೇ ಅವನ ಪಾಲಿನ ಸಿನಿಮಾ, ಸಂತೆ, ಹರಟೆ ಎಲ್ಲ.

ಹೀಗಿರುವಾಗ ಬೀದಿ ದೀಪಗಳಿಗೆ ಬಾಲ ಹುಟ್ಟಿಕೊಂಡಿತು. ಒಂದೊಂದು ದೀಪದ ಕೆಳಗೂ ಇನ್ನೊಂದು ಮಸುಕು ದೀಪ ಜೋತುಬಿದ್ದಂತೆ ಕಾಣತೊಡಗಿತು. ಈಗಿನ ಬಲ್ಬುಗಳ ಹಣೆಬರಹವೇ ಇಷ್ಟು ಎಂದುಕೊಂಡ. ಬಸ್ಸಿನ ಹಲಗೆಯ ಅಕ್ಷರಗಳು ಒಂದರ ಮೇಲೊಂದು ಹತ್ತಿ ಕೂತವು. ಬರೆದವನಿಗೆ ಕೈ ನಡುಕವೆಂದು ತೀರ್ಮಾನಿಸಿದ. ಪ್ರಪಂಚವೇ ಕೆಡುತ್ತಿದೆ ಎಂದು ನಂಬಲು ಅವನಿಗೆ ಅಡ್ಡಿಯಿರಲಿಲ್ಲ, ತನ್ನ ಕಣ್ಣು ಕೆಡುತ್ತಿದೆ ಎಂದು ಮಾತ್ರ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಹೆಚ್ಚು ಕೆಟ್ಟದ್ದು ಎಡಗಣ್ಣು. ಬೆಳಗಿಂದ ಸಂಜೆಯವರೆಗೆ ಕೆಲಸದಲ್ಲಿ ಅವನು ಮುಚ್ಚಿಟ್ಟುಕೊಂಡಿರುತ್ತಿದ್ದುದೂ ಅದನ್ನೇ. ಬೇರೆ ಯಾವ ಕಸುಬಿನವನಾದರೂ ಬೇಗ ಸಿಕ್ಕಿಬೀಳುತ್ತಿದ್ದ. ಇವನ ಎಡಗಣ್ಣು ಮಾತ್ರ ರೆಪ್ಪೆಯ ಮರೆಯಲ್ಲಿ ಯಾರ ಗಮನಕ್ಕೂ ಬಾರದೆ ಹಾಳಾಗುತ್ತ ಹೋಯಿತು.

ಆಮೇಲೆ ಬಲಗಣ್ಣೂ ಶುರು ಮಾಡಿತು.

ಒಂದು ದೊಡ್ಡ ಹಜಾರ ಮುಗಿಸಿ ಅವನು ಕೈ ತೊಳೆಯುತ್ತಿದ್ದ. ಏಣಿ ಹೊತ್ತು ಒಳಗೆ ಬಂದ ಪೇಂಟರ್ ನೆಲ ನೋಡಿ ಏಣಿಯನ್ನು ಮೆಲ್ಲಗೆ ಗೋಡೆಗೆ ಒರಗಿಸಿದ.

‘‘ರಸಮಟ್ಟ, ಈ ಸಾಲು ಎಲ್ಲಿಗೆ ಹೊರಟಿದೆಯಪ್ಪ?’’

‘‘ಬಾಗಿಲಿಗೆ.’’

‘‘ಬಾಗಿಲು ಅಲ್ಲಿದೆ. ಇದು ಊಟದ ಹೊತ್ತಾಯ್ತು ಅಂತ ಅಡುಗೆಮನೆ ಕಡೆ ತಿರುಗಿಬಿಟ್ಟಿದೆ.’’

‘‘ಟೈಲ್ಸ್ ಅಂಚು ಸರಿಯಿಲ್ಲ.’’

‘‘ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದಳಂತೆ. ನೀನು ನೆಲ ಹಾಕೋನು, ನಿಂಗೆ ಆ ಸವಲತ್ತೂ ಇಲ್ಲ ಕಣಯ್ಯ’’ ಎಂದು ನಗುತ್ತ ಪೇಂಟರ್ ಏಣಿ ಹತ್ತಿ ಚಾವಣಿಯ ಒರಟು ಸುಣ್ಣ ಕೆರೆಯತೊಡಗಿದ.

ರಸಮಟ್ಟ ನೆಲಕ್ಕೆ ಕೆನ್ನೆ ಊರಿದ. ಒಂದೇ ಸಂದು ಇರಬೇಕಾದ ಕಡೆ ಎರಡಿದ್ದವು: ಒಂದು ಕಪ್ಪು, ಅದರ ಮಗ್ಗುಲಲ್ಲಿ ಒಂದು ಬೂದಿ. ಮೂರು ದಿನ ಅವನು ಬೂದಿ ಗೆರೆಯ ಬೆನ್ನು ಹತ್ತಿ ಹೋಗಿದ್ದ. ಇದನ್ನು ಅರಗಿಸಿಕೊಳ್ಳುತ್ತ ಮೇಲೆ ನೋಡಿದಾಗ ಸುಣ್ಣದ ಒಂದು ಚಕ್ಕೆ ಸೀದಾ ಬಲಗಣ್ಣಿಗೆ ಬಿತ್ತು. ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡ. ಎಷ್ಟೋ ಕಾಲದಿಂದ ರಜೆಯ ಮೇಲಿದ್ದ ಎಡಗಣ್ಣು ಮೊದಲ ಬಾರಿಗೆ ಒಂಟಿಯಾಗಿ ಕೆಲಸಕ್ಕಿಳಿಯಿತು. ಹಜಾರವಿಲ್ಲ. ಏಣಿಯಿಲ್ಲ. ಏಣಿಯಿದ್ದ ಜಾಗದಲ್ಲಿ ಸೀಮೆಎಣ್ಣೆ ಸುರಿದ ಬಣ್ಣದಂತೆ ಏನೋ ಹರಿಯುತ್ತಿತ್ತು, ಅದರ ತುದಿಯಿಂದ ಪೇಂಟರನ ದನಿ ಬರುತ್ತಿತ್ತು.

‘‘ನೀನು ಎಲ್ಲಿದ್ದೀಯ?’’ ಎಂದ ರಸಮಟ್ಟ.

ಪೇಂಟರನ ನಗು ಅಲ್ಲಿಗೇ ನಿಂತಿತು. ‘‘ಇಲ್ಲೇ ಇದ್ದೀನಲ್ಲಪ್ಪ, ನಿನ್ನೆದುರಿಗೇ.’’

ಕಣ್ಣಾಸ್ಪತ್ರೆಯಲ್ಲಿ ಅವನ ಗಲ್ಲವನ್ನು ಒಂದು ಯಂತ್ರದ ಮೇಲೆ ಕೂರಿಸಿದರು. ಪರದೆಯ ಮೇಲೆ ಅವನ ಕಣ್ಣಿನ ನಕಾಶೆ ಮೂಡಿತು. ನಡುವೆ, ಸ್ವಲ್ಪ ಕೆಳಕ್ಕೆ, ಕೆಂಪಗೆ ಒಂದು ಗುಡ್ಡ. ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವಳು, ಸ್ವತಃ ದಪ್ಪ ಕನ್ನಡಕ ಹಾಕಿದ್ದವಳು.

‘‘ಕಣ್ಣಿನ ಮುಂದೆ ಗಡಿಯಾರದ ಗಾಜಿನ ಥರ ಒಂದು ಪೊರೆ ಇರುತ್ತೆ. ಲೇಸರ್‌ನಲ್ಲಿ ಅದನ್ನ ಸ್ವಲ್ಪ ತೆಳು ಮಾಡಿದ್ರು. ಆಮೇಲೆ ನೀವು ಉಜ್ಜಿ ಉಜ್ಜಿ ಇನ್ನೂ ಸಡಿಲ ಮಾಡಿದ್ದೀರಿ. ಈಗ ಸವೆದ ಟೈರಿನಿಂದ ಟ್ಯೂಬ್ ಉಬ್ಬೋ ಹಾಗೆ ಮುಂದಕ್ಕೆ ಉಬ್ಬಿದೆ. ಹೀಗೇ ಬಿಟ್ರೆ ಬಲಗಣ್ಣೂ ಎಡಗಣ್ಣಿನ ದಾರಿ ಹಿಡಿಯುತ್ತೆ.’’

‘‘ಕೆಲಸ?’’

‘‘ಆಗ ಕೆಲಸದ ಮಾತೇ ಬರಲ್ಲ. ಆದ್ರೆ ತಡೀಬಹುದು. ವಿಟಮಿನ್ ಹನಿ ಹಾಕಿ, ಅದರ ಮೇಲೆ ನೇರಳೆ ಬೆಳಕು ಬಿಡ್ತೀವಿ. ಪೊರೆಯ ಎಳೆಗಳು ಒಂದಕ್ಕೊಂದು ಬಿಗಿಯಾಗ್ತವೆ. ಹೋದ ನೋಟ ಬರುತ್ತೆ ಅಂತಲ್ಲ, ಇರೋದು ಉಳಿಯುತ್ತೆ. ಬಲಗಣ್ಣಿಗೆ ಮೊದಲು ಮಾಡೋಣ, ಎಡಗಣ್ಣಿಗೆ ಆಮೇಲೆ ಗಟ್ಟಿ ಲೆನ್ಸ್ ನೋಡೋಣ.’’

ಅವನಿಗೆ ಇದು ಪೂರ್ತಿ ಅರ್ಥವಾಯಿತು. ಟೈಲ್ಸ್ ಅಲುಗಾಡುತ್ತಿದ್ದರೆ ಕಿತ್ತು ಹೊಸದು ಹಾಕುವುದು ಒಂದು ದಾರಿ, ಸಂದಿಗೆ ಗಾರೆ ತುಂಬಿ ಬಿಗಿ ಮಾಡುವುದು ಇನ್ನೊಂದು. ತಲೆಯಾಡಿಸಿದ.

‘‘ಮೂರು ನಾಲ್ಕು ದಿನ ಬಲಗಣ್ಣು ಬಿಡೋಕಾಗಲ್ಲ, ನೋವಿರುತ್ತೆ. ಎಡಗಣ್ಣು ಹೇಗೂ ಕಾಣಲ್ಲ. ಹನಿ ಹಾಕೋಕೆ, ಊಟ ಕೊಡೋಕೆ ಮನೇಲಿ ಯಾರಿದ್ದಾರೆ?’’

ಈ ಪ್ರಶ್ನೆ ಮಾತ್ರ ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು.

‘‘ಇದ್ದಾರೆ’’ ಎಂದ.

ಭಾನುವಾರ ಅಕ್ಕನ ಫೋನ್ ಬಂತು. ನಾದಿನಿಯ ಮಗುವಿನ ಹಲ್ಲಿನಿಂದ ಹಿಡಿದು ಪಕ್ಕದ ಮನೆಯ ನಲ್ಲಿಯವರೆಗೆ ಎಲ್ಲ ವರದಿ ಒಪ್ಪಿಸಿ, ‘‘ನಿನ್ನ ಕಣ್ಣು ಹೇಗಿದೆಯೋ? ಅದೊಂದು ಪುಣ್ಯದ ಕೆಲಸ ಮಾಡ್ಸಿದೆ ನೋಡು ನಾನು. ಕನ್ನಡಕದ ಪೀಡೆ ತೊಲಗ್ತು’’ ಎಂದಳು. ಮದುವೆಯ ವಿಷಯದಲ್ಲಿ ಸೋತ ಅಕ್ಕನ ಪಾಲಿಗೆ ಆ ಲೇಸರ್ ಒಂದೇ ಗೆಲುವಾಗಿ ಉಳಿದಿತ್ತು. ಅದನ್ನೂ ಕಿತ್ತುಕೊಳ್ಳುವುದು ಅವನಿಂದಾಗಲಿಲ್ಲ. ‘‘ಚೆನ್ನಾಗಿದೆ’’ ಎಂದ.

ಆಸ್ಪತ್ರೆಗೆ ಜೊತೆಯಾಗಿ ಪೇಂಟರ್ ಬಂದ, ಅಣ್ಣನ ಪಾತ್ರದಲ್ಲಿ. ‘‘ಹುಟ್ಟಿದಾಗಿನಿಂದ ಎತ್ತಿ ಆಡಿಸಿದ್ದೀನಿ ಸಿಸ್ಟರ್, ಇವನಿಗೆ ನಾನೇ ತಾಯಿ ನಾನೇ ತಂದೆ’’ ಎಂದು ನರ್ಸಮ್ಮನ ಮುಂದೆ ಕಣ್ಣೊರೆಸಿಕೊಂಡ. ವಯಸ್ಸಿನಲ್ಲಿ ಅವನು ರಸಮಟ್ಟನಿಗಿಂತ ಚಿಕ್ಕವನು. ಒಳಗೆ ಕಣ್ಣಿಗೆ ಮರಗಟ್ಟುವ ಹನಿ ಹಾಕಿ, ಮೇಲಿನ ತೆಳು ಪದರ ಸವರಿ ತೆಗೆದು, ಹಳದಿ ಹನಿಗಳನ್ನು ಬಿಡುತ್ತ ಬಿಡುತ್ತ ಕಡೆಗೆ ನೇರಳೆ ದೀಪ ಹಚ್ಚಿದರು. ಅವನು ಕದಲದೆ ನೋಡುತ್ತ ಮಲಗಿದ. ಮಲಗಿಕೊಂಡು ಒಂದೇ ಕಡೆ ದೃಷ್ಟಿ ನೆಡುವುದರಲ್ಲಿ ಅವನಿಗೆ ಸರಿಸಾಟಿಯೇ ಇರಲಿಲ್ಲವಷ್ಟೆ. ‘‘ಇಷ್ಟು ಸುಮ್ಮನೆ ಮಲಗೋ ಪೇಷಂಟ್ ನೋಡಿಲ್ಲ’’ ಎಂದು ನರ್ಸಮ್ಮ ಹೇಳಿದ್ದನ್ನು ಪೇಂಟರ್ ಹೊರಗೆ ಕಾದಿದ್ದ ಎಲ್ಲರಿಗೂ ಹಂಚಿದ.

ಮಧ್ಯಾಹ್ನ ಅವನನ್ನು ಕೋಣೆಗೆ ತಲುಪಿಸಿ, ಬ್ರೆಡ್ಡು, ಬಾಳೆಹಣ್ಣು, ನೀರು ಕೈಗೆಟುಕುವಲ್ಲಿ ಇಟ್ಟು, ಕಿಟಕಿಗೆ ಟೈಲ್ಸಿನ ರಟ್ಟಿನ ಡಬ್ಬಿ ಬಿಚ್ಚಿ ಅಡ್ಡ ಕಟ್ಟಿ, ಪೇಂಟರ್ ಬಾಗಿಲಲ್ಲಿ ನಿಂತ.

‘‘ಊರಾಚೆ ಒಂದು ಶಾಲೆ ಕೆಲಸ ಒಪ್ಕೊಂಡುಬಿಟ್ಟಿದ್ದೀನಿ ಕಣಯ್ಯ. ನಾಲ್ಕು ದಿನ ಅಲ್ಲೇ. ಅಕ್ಕನಿಗೆ ಹೇಳ್ಲಾ?’’

‘‘ಬೇಡ.’’

‘‘ನನ್ನಾಣೆ ಕಣ್ಣು ಮಾತ್ರ ಮುಟ್ಟಬೇಡ.’’

ಮುಟ್ಟದಿರಲು ಅವನು ಮಾಡಿಕೊಂಡ ಏರ್ಪಾಡು ಋಷಿಗಳು ತಲೆದೂಗುವಂಥದ್ದು. ಸಂದು ತುಂಬುವಾಗ ತೊಡುವ ರಬ್ಬರ್ ಕೈಗವಸುಗಳನ್ನು ತೊಟ್ಟು, ಮಣಿಕಟ್ಟಿಗೆ ಹಲ್ಲಿನಿಂದ ದಾರ ಬಿಗಿದುಕೊಂಡ. ಕಣ್ಣಿನ ಮೇಲೆ ತೂತಿನ ಪ್ಲಾಸ್ಟಿಕ್ ಗುರಾಣಿ, ಕೈಯಲ್ಲಿ ಕಿತ್ತಳೆ ಬಣ್ಣದ ಕವಚ, ಶತ್ರುವೆಂದರೆ ತನ್ನದೇ ಹತ್ತು ಬೆರಳು. ಮರಗಟ್ಟಿದ್ದು ಬಿಟ್ಟಿತು. ನೋವು ಬಂತು. ಕಣ್ಣಿನೊಳಗೆ ಯಾರೋ ಮರಳು ಜರಡಿ ಹಿಡಿಯುತ್ತಿದ್ದರು. ಹನಿ ಹಾಕುವಾಗ ಕೈಗವಸು ಬಿಚ್ಚಬೇಕು. ಹನಿ ಮೊದಲು ಕಿವಿಗೆ, ಆಮೇಲೆ ಮೂಗಿಗೆ, ಬಾಯಿಗೆ, ಕಡೆಗೆ ಹೇಗೋ ಕಣ್ಣಿಗೆ ಬೀಳುತ್ತಿತ್ತು. ಆ ಕ್ಷಣ ಬರಿಗೈ ಕಣ್ಣಿನ ಅಂಚಿನಲ್ಲೇ ಇರುತ್ತಿತ್ತು. ಒಂದೇ ಒಂದು ಸಲ, ಮೆಲ್ಲಗೆ, ಎಂದು ಗೆಣ್ಣುಗಳು ಬೇಡುತ್ತಿದ್ದವು. ಅವನು ಆ ಕೈಯನ್ನು ತೊಡೆಯ ಕೆಳಗೆ ಹಾಕಿ ಅದರ ಮೇಲೆ ಕೂರುತ್ತಿದ್ದ.

ನೀರಿಗೆ ಎದ್ದವನು ದಾರಿ ತಪ್ಪುತ್ತಿದ್ದ. ಯಾರ ಮನೆಯಲ್ಲಾದರೂ ಬರಿಗಾಲಿಗೆ ಸಂದು ಸಿಕ್ಕರೆ ಸಾಕು, ಗೋಡೆ ಎಷ್ಟು ದೂರ ಎಂದು ಅವನು ಹೇಳಬಲ್ಲ. ಊರಿಗೆಲ್ಲ ಟೈಲ್ಸ್ ಹಾಸಿದವನ ಸ್ವಂತ ಕೋಣೆಯಲ್ಲಿ ಮಾತ್ರ ಬೋಳು ಸಿಮೆಂಟ್ ನೆಲವಿತ್ತು. ಕಾಲು ಏನನ್ನೂ ಹೇಳುತ್ತಿರಲಿಲ್ಲ. ಹಾಗೇ ಗೋಡೆ ತಡವಿಕೊಂಡು ಹೋಗಿ, ತಡವಿಕೊಂಡು ಬಂದು, ಮಂಚಕ್ಕೆ ಮೊಣಕಾಲು ಬಡಿಸಿಕೊಂಡು ಕೂರುತ್ತಿದ್ದ.

ಎರಡನೆಯ ದಿನ ಹಗಲು ಬಹಳ ಉದ್ದವಾಯಿತು. ಮಹಡಿಯ ಮೇಲೆ ಮನೆಯವರು ಓಡಾಡುತ್ತಿದ್ದರು. ಪಾತ್ರೆಯೊಂದು ಬಿದ್ದು ಸುತ್ತು ಹೊಡೆದು ನಿಂತಿತು. ‘‘ನೋಡ್ಕೊಂಡು ನಡಿ’’ ಎಂದು ಹೆಂಗಸಿನ ದನಿ. ‘‘ಅಲ್ಲಿ ಇಟ್ಟೋರು ಯಾರು?’’ ಎಂದು ಗಂಡಸಿನದು. ಯಾರೋ ಓಡಿದರು, ಯಾರೋ ನಲ್ಲಿ ಬಿಟ್ಟರು, ಯಾರೋ ಬಾಗಿಲು ಬಡಿದರು. ಆಮೇಲೆ ಎಲ್ಲರೂ ಒಟ್ಟಿಗೆ ಯಾವುದಕ್ಕೋ ನಕ್ಕರು. ಇಷ್ಟು ವರ್ಷ ಅವರ ಕೆಳಗೇ ಇದ್ದರೂ ಹಗಲು ಹೊತ್ತು ಅವನು ಕೋಣೆಯಲ್ಲಿ ಇದ್ದದ್ದೇ ಇಲ್ಲ. ಟೊಳ್ಳು ಹುಡುಕುವವನಂತೆ ತಲೆ ಎತ್ತಿ ಕೇಳುತ್ತ ಕೂತ. ಅವರು ಏತಕ್ಕೆ ನಕ್ಕರೆಂದು ತಿಳಿಯಬೇಕೆನಿಸಿತು. ಕೂಗಿ ಕೇಳಿದರೆ ಹೇಳಿಯಾರು. ಆದರೆ ಒಮ್ಮೆಯೂ ಮಾತಾಡಿಸದವರನ್ನು ಏನೆಂದು ಕೂಗುವುದು?

ಆಗ ಅವನಿಗೆ ಅಕ್ಕ ಬೇಕೆನಿಸಿತು. ಗೆಲುವು ಸೋಲು ಎಲ್ಲ ಹಾಳಾಗಿ ಹೋಗಲಿ, ಅವಳ ನಾದಿನಿಯ ಮಗುವಿನ ಹಲ್ಲಿನ ಸುದ್ದಿಯಾದರೂ ಸರಿ, ಯಾರಾದರೂ ಈ ಕೋಣೆಯೊಳಗೆ ಮಾತಾಡಿದರೆ ಸಾಕಿತ್ತು. ಹಲ್ಲಿನಿಂದ ದಾರ ಬಿಚ್ಚಿ, ಕೈಗವಸು ಕಳಚಿ, ಹಾಸಿಗೆಯಲ್ಲಿ ತಡಕಿ ಫೋನ್ ಹಿಡಿದ. ಅದರ ಬೆಳಕು ಬಲಗಣ್ಣಿಗೆ ಸೂಜಿಯಂತೆ ಚುಚ್ಚಿತು. ಎಡಗಣ್ಣಿಗೆ ಅದೊಂದು ಬಿಳಿ ಕೊಚ್ಚೆ. ಅಂದಾಜಿನಲ್ಲಿ ಎಲ್ಲೆಲ್ಲೋ ಒತ್ತಿದ. ಹವಾಮಾನ ವರದಿ ಬಂತು, ಮೋಡ ಕವಿದಿದೆಯಂತೆ. ಇನ್ನೊಮ್ಮೆ ಒತ್ತಿದ. ‘‘ಅಂಗಡಿ ಮುಚ್ಚಿದೆ, ನಾಳೆ ಬನ್ನಿ’’ ಎಂದಿತು ಸಂದಿಗೆ ತುಂಬುವ ಗ್ರೌಟ್ ಮಾರುವವನ ದನಿ. ಅವನು ಫೋನನ್ನು ಎದೆಯ ಮೇಲಿಟ್ಟುಕೊಂಡು ಮಲಗಿದ. ಮಾರನೆಯ ದಿನ, ಭಾನುವಾರ, ಅದು ತಾನಾಗಿಯೇ ಬಡಿದುಕೊಂಡಿತು. ಅಕ್ಕನದೇ, ಬೇರೆ ಯಾರದೂ ಆಗಿರಲು ಸಾಧ್ಯವಿಲ್ಲ. ಅವಸರದಲ್ಲಿ ಹೆಬ್ಬೆರಳು ಎಳೆದದ್ದು ಎಡಕ್ಕೋ ಬಲಕ್ಕೋ, ಫೋನ್ ಕತ್ತರಿಸಿಹೋಯಿತು. ಮತ್ತೆ ಬಡಿದುಕೊಂಡಿತು. ಮತ್ತೆ ಕತ್ತರಿಸಿದ. ಮೂರನೆಯ ಸಲವೂ ಹಾಗೇ. ಆಮೇಲೆ ಅದು ಸುಮ್ಮನಾಯಿತು.

ತಮ್ಮನಾದವನು ಜೀವಮಾನದಲ್ಲಿ ಒಮ್ಮೆಯೂ ಅಕ್ಕನ ಮಾತನ್ನು ಕತ್ತರಿಸಿದವನಲ್ಲ. ಅವಳ ಮನೆಗೆ ಬಣ್ಣ ಬಳಿದಿದ್ದವನೂ ಪೇಂಟರನೇ ಆದ್ದರಿಂದ ಅವನಿಗೆ ಫೋನ್ ಮಾಡಿದಳು. ಅವನು ಅಡ್ಡಗೋಡೆಯ ಮೇಲೆ ದೀಪವಿಡಲು ನೋಡಿ, ಅವಳ ನಾಲ್ಕು ಪ್ರಶ್ನೆಗಳಿಗೆ ಉದುರಿಹೋದ. ಮಾರನೆಯ ಬೆಳಗ್ಗೆ ಅವಳು ಕೋಣೆಯ ಬಾಗಿಲು ತಳ್ಳಿದಾಗ ರಸಮಟ್ಟ ಕಿತ್ತಳೆ ಕೈಗವಸಿನಲ್ಲಿ ಬಾಳೆಹಣ್ಣು ಹಿಡಿದು, ಅದರ ಯಾವ ತುದಿಯಿಂದ ಸುಲಿಯುವುದು ಎಂದು ಯೋಚಿಸುತ್ತ ಕೂತಿದ್ದ.

ಅಕ್ಕ ಮಾತಾಡಲಿಲ್ಲ. ಇತಿಹಾಸದಲ್ಲಿ ಅದು ಮೊದಲು. ಬಾಳೆಹಣ್ಣು ಇಸಿದುಕೊಂಡು ಸುಲಿದು ಕೊಟ್ಟಳು. ಆಮೇಲೆ ನೆಲದ ಮೇಲೆ ಕೂತು ಅತ್ತಳು. ಹನಿ ಹಾಕಿದಳು, ಮೊದಲ ಸಲಕ್ಕೇ ಕಣ್ಣಿಗೆ ಬಿತ್ತು.

ಅವಳು ಎರಡು ವಾರ ಉಳಿದಳು. ಮೊದಲ ಸಂಜೆಯೇ ಮಹಡಿಯವರ ಮನೆ ಹೊಕ್ಕು ಅವರ ನಾಲ್ಕು ತಲೆಮಾರಿನ ಚರಿತ್ರೆ ತಿಳಿದು ಬಂದಳು. ಅವಳು ಊರಿಗೆ ಹೋದ ಮೇಲೂ ಮಹಡಿಯ ಹೆಂಗಸು ಒಮ್ಮೊಮ್ಮೆ ಮೆಟ್ಟಿಲಿಂದ ಬಗ್ಗಿ, ‘‘ಹನಿ ಆಯ್ತಾ?’’ ಎಂದು ಕೇಳುತ್ತಿದ್ದಳು. ‘‘ಆಯ್ತು’’ ಎನ್ನುತ್ತಿದ್ದ. ಅಲ್ಲಿಗೆ ಸಂಭಾಷಣೆ ಮುಗಿಯುತ್ತಿತ್ತು, ಅವಳ ಹೆಜ್ಜೆ ಮೇಲೆ ಹೋಗುತ್ತಿತ್ತು, ಅವನು ಅದು ನಿಲ್ಲುವವರೆಗೆ ಕೇಳುತ್ತಿದ್ದ. ಡೊಂಕು ಹಜಾರವನ್ನು ಅಗೆದು, ಈ ಸಲ ದಾರ ಕಟ್ಟಿ ಮತ್ತೆ ಹಾಸಿದ. ತುರಿಕೆಗೆಂದು ಕೊಟ್ಟ ಬೇರೆ ಹನಿಯ ಸೀಸೆ ಜೇಬಿನಲ್ಲಿರುತ್ತಿತ್ತು. ಸಂಜೆ ಮಂಚದ ಮೇಲೆ ಕೂತಾಗ ಮಾತ್ರ ಕೈಗಳಿಗೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ.

ವರ್ಷ ತುಂಬುವ ಹೊತ್ತಿಗೆ ಮತ್ತೆ ನಕಾಶೆ ತೆಗೆಯುವ ದಿನ ಬಂತು. ಅಕ್ಕ ಬೇಡವೆಂದರೂ ಬಂದಳು. ಡಾಕ್ಟರಮ್ಮ ಹಳೆಯ ಗುಡ್ಡ, ಹೊಸ ಗುಡ್ಡ ಎರಡನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದಳು. ರಸಮಟ್ಟ ಗಲ್ಲ ಯಂತ್ರದ ಮೇಲಿಟ್ಟವನು ತೆಗೆಯಲೇ ಇಲ್ಲ.

‘‘ನಿಂತಿದೆ’’ ಎಂದಳು ಡಾಕ್ಟರಮ್ಮ. ‘‘ಬಲಗಣ್ಣು ಅಲ್ಲೇ ನಿಂತಿದೆ. ಕೆಲಸ ಮಾಡ್ಕೊಳ್ಳಿ. ಎಡಗಣ್ಣಿಗೆ ಲೆನ್ಸ್ ಅಳತೆ ಇವತ್ತೇ ತಗೊಳ್ಳೋಣ.’’

ಅಕ್ಕನ ಕಟ್ಟೆ ಒಡೆಯಿತು.

‘‘ನಿಮಗೆ ಗೊತ್ತಿಲ್ಲ ಡಾಕ್ಟ್ರೇ, ಇವನು ಎಂಥವನು ಅಂತ. ಲೇಸರ್ ಮಾಡ್ಸಿದ್ದು ನಾನು. ನನ್ನ ಮನಸ್ಸಿಗೆ ನೋವಾಗಬಾರದು ಅಂತ, ಕತ್ತಲೆ ಕೋಣೇಲಿ ಒಬ್ಬನೇ ಬಿದ್ದುಕೊಂಡು, ಅಷ್ಟು ನೋವು ತಿಂದ್ಕೊಂಡು, ನನಗೆ ಒಂದು ಫೋನ್ ಕೂಡ ಮಾಡ್ಲಿಲ್ಲ. ನಾನಾಗಿ ಮಾಡಿದ್ರೂ ದನಿ ಕೇಳಿದ್ರೆ ಗೊತ್ತಾಗುತ್ತೆ ಅಂತ ಕಟ್ ಮಾಡಿದ. ವಿಷ ಗಂಟಲಲ್ಲೇ ಇಟ್ಕೊಂಡ ಶಿವನ ಹಾಗೆ ಇಟ್ಕೊಂಡ. ಇಂಥ ತಮ್ಮ ಯಾರಿಗಿದ್ದಾರೆ ಹೇಳಿ.’’

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡಳು. ಬಾಗಿಲಲ್ಲಿ ನಿಂತಿದ್ದ ನರ್ಸಮ್ಮ ಮೂಗು ಏರಿಸಿಕೊಂಡಳು. ಎಲ್ಲರೂ ರಸಮಟ್ಟನ ಕಡೆ ನೋಡಿದರು. ಅವನು ಯಂತ್ರದಿಂದ ಗಲ್ಲ ತೆಗೆದು, ಯೋಚಿಸಿದ.

‘‘ಹಾಗೇನಿಲ್ಲಕ್ಕ’’ ಎಂದ. ‘‘ಫೋನ್ ಮಾಡೋಣ ಅಂತಾನೇ ಇದ್ದೆ. ನಂಬರ್ ಕಾಣಿಸ್ಲಿಲ್ಲ.’’